ಎದುರು ರೋಮದ ಕೋಟು

"ಹ್ಞೂಂ. ಹ್ಞೂಂಹ್ಞೂಂ," ಎಂದ ಮಾಸ್ತರ.

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡವನು ಅದಕ್ಕಿಂತ ಹೆಚ್ಚು ಮಾತಾಡುವಂತಿರಲಿಲ್ಲ. ಅವನು ನೆಲದ ಮೇಲೆ ಮಂಡಿಯೂರಿದ್ದ. ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ನಿಂತಿದ್ದಳು. ಅವಳ ಮೈಮೇಲೆ ಅಂಚು ಮಡಿಸದ ಹೊಸ ಕೋಟು. ಮೊದಲ ಹ್ಞೂಂ ಎಂದರೆ ಎಡಕ್ಕೆ ತಿರುಗು, ಎರಡನೆಯದು ಎಂದರೆ ಅಷ್ಟೆಲ್ಲ ತಿರುಗಬೇಡ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ? ತಿಳಿಯಿತು. ಆದರೂ ತಿರುಗಲಿಲ್ಲ.

"ಕಂಕುಳಲ್ಲಿ ಹಿಡಿಯುತ್ತೆ ರೀ."

"ಹ್ಞೂಂಹ್ಞೂಂ."

"ಹಿಡಿಯಲ್ಲ ಅಂತ ನೀವು ಹೇಳಿಬಿಟ್ರೆ ಆಯ್ತಾ? ಕಂಕುಳು ನಂದು."

ಮಾಸ್ತರ ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿದ್ದ ಮೆತ್ತೆಗೆ ಚುಚ್ಚಿದ. "ಹಿಡಿಯೋದಲ್ಲ ಕಾಜಾ, ಅದು ಕೂರೋದು. ಒಳ್ಳೇ ಕೋಟು ಮೈಮೇಲೆ ಕೂರಬೇಕು."

"ಕೂರಲಿ, ಯಾರು ಬೇಡ ಅಂದ್ರು. ಅದರ ಜೊತೆ ನನ್ನ ಸ್ವೆಟರೂ ಕೂರಬೇಕಲ್ಲ? ಜಾಗ ಎಲ್ಲಿದೆ ತೋರಿಸಿ."

ಮಾಸ್ತರ ಕಂಕುಳಿನ ಬಳಿ ಬೆರಳು ತೂರಿಸಿ ನೋಡಿದ, ತೂರಲಿಲ್ಲ. ಕೋಟಿನ ಕಾರ್ಖಾನೆಯಲ್ಲಿ ಅವನು ಕಟಿಂಗ್ ಮಾಸ್ತರ. ಅವನು ಗೆರೆ ಎಳೆದರೆ ನಲವತ್ತು ಹೊಲಿಗೆ ಯಂತ್ರಗಳು ಆ ಗೆರೆಯ ಹಿಂದೆ ಓಡುತ್ತವೆ. ಅಂಥವನು ಸ್ವಂತ ಹೆಂಡತಿಯ ಅಳತೆಯಲ್ಲಿ ಎಡವಿದ್ದ. ಕೋಟಿನ ವಿಷಯ ಗುಟ್ಟಾಗಿರಲಿ ಎಂದು, ಒಂದು ಭಾನುವಾರ ಮಧ್ಯಾಹ್ನ ಅವಳು ತೆಳ್ಳನೆಯ ರವಿಕೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾಗ ಟೇಪು ಹಿಡಿದು ಅಳೆದಿದ್ದ. ನಿದ್ದೆಯಲ್ಲಿರುವ ಹೆಂಗಸಿಗೂ ಚಳಿಗಾಳಿಯಲ್ಲಿ ಎರಡು ಚೀಲ ಹೊತ್ತು ನಡೆಯುವ ಹೆಂಗಸಿಗೂ ಭುಜದಲ್ಲಿ ಎರಡಂಗುಲದ ವ್ಯತ್ಯಾಸ ಇರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಲಗಿದ್ದವಳು ತನ್ನವಳಾದ್ದರಿಂದ ಮರೆತಿದ್ದ.

"ಹಳೇ ಕೋಟು ಹಾಕ್ಕೊಂಡು ಬರ್ತೀನಿ ಬಿಡಿ," ಅಂದಳು ಕಾಜಾ, ಸ್ಟೂಲಿನಿಂದ ಇಳಿಯುತ್ತ. "ಸಮುದ್ರದ ಊರು, ಅದೂ ಚಳಿಗಾಲ. ನನ್ನನ್ನ ನೋಡೋಕೆ ಅಲ್ಲಿ ಯಾರು ಕಾದು ಕೂತಿದ್ದಾರೆ?"

ಕಾದು ಕೂತವರು ಒಬ್ಬರಿದ್ದರು. ಮಾಸ್ತರನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದುದೇ ಆ ಕಾರಣಕ್ಕೆ.

ಅವರು ದೊಡ್ಡ ಮಾಸ್ತರು. ಇವನಿಗೆ ಕತ್ತರಿ ಹಿಡಿಯಲು ಕಲಿಸಿದವರು. ಈಗ ಎಂಬತ್ತೊಂದು ವಯಸ್ಸು. ಬಟ್ಟೆಯ ಧೂಳು ತಿಂದ ಎದೆಗೆ ಉಪ್ಪುಗಾಳಿ ಒಳ್ಳೆಯದೆಂದು ವೈದ್ಯರು ಹೇಳಿದ ಮೇಲೆ ಹೋಗಿ ಸಮುದ್ರದ ದಂಡೆಯಲ್ಲಿ ಮನೆ ಮಾಡಿದ್ದರು. ಹೋದ ತಿಂಗಳು ಅವರ ಕಾಗದ ಬಂದಿತ್ತು: "ಹೆಂಡತಿಯನ್ನು ಕರೆದುಕೊಂಡು ಬಾ. ಚಳಿಗಾಲದಲ್ಲೇ ಬಾ. ಬೇಸಿಗೆಯಲ್ಲಿ ಇಲ್ಲಿ ಯಾರೂ ನೆಟ್ಟಗೆ ಬಟ್ಟೆಯನ್ನೇ ಹಾಕುವುದಿಲ್ಲ, ನನ್ನಂಥವನಿಗೆ ನೋಡುವುದಕ್ಕೆ ಏನೂ ಇರುವುದಿಲ್ಲ. ಚಳಿಗಾಲದಲ್ಲಿ ನಾಲ್ಕು ಕೋಟಾದರೂ ಓಡಾಡುತ್ತವೆ."

ಕೆಲಸ ಬಿಡುವ ದಿನ ಅವರು ತಮ್ಮ ಕತ್ತರಿಯನ್ನು ಇವನ ಕೈಗಿಟ್ಟು, ಎಲ್ಲರೆದುರಿಗೆ, "ಇವನ ಕೈಯಲ್ಲಿ ಸುಳ್ಳಿಲ್ಲ," ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಇವನು ನೆಲ ನೋಡಿದ್ದ. ಸುಳ್ಳು ಕೈಯಲ್ಲಿರಲಿಲ್ಲ, ನಿಜ. ಅದು ಆ ಹೊತ್ತಿಗೆ ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು.

ಆ ಹಳೇ ಕೋಟಿನ ಕತೆ ಇಷ್ಟು. ಇವನಿಗೆ ಆಗ ಇಪ್ಪತ್ನಾಲ್ಕು. ಯಾರೋ ದೊಡ್ಡ ಗಿರಾಕಿಗೆಂದು ಬೂದುನೀಲಿ ಬಣ್ಣದ ಉಣ್ಣೆಬಟ್ಟೆ ಬಂದಿತ್ತು. ಮೇಲೆಲ್ಲ ನವಿರಾದ ರೋಮವಿದ್ದ ಬಟ್ಟೆ. ಅಂಥ ಬಟ್ಟೆ ಬೆಕ್ಕಿನ ಮೈ ಇದ್ದ ಹಾಗೆ. ಮೇಲಿನಿಂದ ಕೆಳಗೆ ಸವರಿದರೆ ಮಲಗುತ್ತದೆ, ಕೆಳಗಿನಿಂದ ಮೇಲೆ ಸವರಿದರೆ ಮುನಿಸಿಕೊಂಡು ಏಳುತ್ತದೆ. ಮಲಗಿದಾಗ ತಿಳಿಯಾಗಿ ಕಾಣುತ್ತದೆ, ಎದ್ದಾಗ ಗಾಢವಾಗಿ. ಆದ್ದರಿಂದ ಕೋಟಿನ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು, ಮೇಜಿನ ಒಂದೇ ಕಡೆ ನಿಂತು ಕತ್ತರಿಸಬೇಕು; ಕಡೆ ಬದಲಾದರೆ ತುಂಡು ತಲೆಕೆಳಗಾಗುತ್ತದೆ. ಕಸುಬಿನ ಓನಾಮವೇ ಅದು. ಇವನು ಎದೆಯ ತುಂಡುಗಳನ್ನು ಈ ಕಡೆ ನಿಂತು ಕತ್ತರಿಸಿದ, ತೋಳುಗಳನ್ನು ಈ ಕಡೆ ನಿಂತು ಕತ್ತರಿಸಿದ, ಬೆನ್ನಿನ ಹೊತ್ತಿಗೆ ಆ ಕಡೆ ಹೋಗಿ ನಿಂತ. ಆ ಕಡೆಯಿಂದ ಕಿಟಕಿಯ ಬಳಿಯ ಬೆಂಚು ಕಾಣುತ್ತಿತ್ತು. ಬೆಂಚಿನ ಮೇಲೆ ಕೂತು ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದ ಹುಡುಗಿಯೂ ಕಾಣುತ್ತಿದ್ದಳು, ನೂಲನ್ನು ಹಲ್ಲಿನಲ್ಲಿ ಕಡಿಯುವಾಗ ಒಂದು ಕಣ್ಣು ಮುಚ್ಚುವವಳು.

ಹೊಲಿದು ಮುಗಿಸಿ ನೇತುಹಾಕಿದಾಗ ಕೋಟು ಮುಂದಿನಿಂದ ಒಂದು ಬಣ್ಣ, ಹಿಂದಿನಿಂದ ಇನ್ನೊಂದು. ದೊಡ್ಡ ಮಾಸ್ತರು ಕೂಗಾಡಲಿಲ್ಲ. "ಬಿಚ್ಚಿ ಟೋಪಿ ಹೊಲಿ. ಇದು ನನ್ನ ಕಣ್ಣಿಗೆ ಇನ್ನೊಂದು ಸಲ ಬೀಳಬಾರದು," ಎಂದರು. ಮೂರು ದಿನ ಬಿಟ್ಟು ಕೇಳಿದಾಗ ಇವನು ಹೇಳಿದ: "ಎಂಟು ಟೋಪಿ ಆಯ್ತು ಮಾಸ್ತರೇ." ಒಂದೂ ಆಗಿರಲಿಲ್ಲ. ಆ ಚಳಿಗಾಲದಲ್ಲಿ ಕಿಟಕಿಯ ಬೆಂಚಿನ ಹುಡುಗಿಗೆ ಕೋಟಿರಲಿಲ್ಲ. ದೊಡ್ಡ ಮಾಸ್ತರೇ ಕೊಟ್ಟರು ಎಂದು ಅವಳಿಗೂ ಒಂದು ಸುಳ್ಳು ಹೇಳಿ, ಕೆಲಸಕ್ಕೆ ಹಾಕಿಕೊಂಡು ಬರಬೇಡ ಎಂದೂ ಹೇಳಿ ಕೊಟ್ಟಿದ್ದ. ಅದೇ ವರ್ಷ ಮದುವೆಯಾಯಿತು, ಹೆಸರು ಹೋಗಿ ಕಾಜಾ ಎಂಬುದೇ ನಿಂತಿತು, ಕಾಜಾ ಹೊಲಿಯುವ ಯಂತ್ರ ಬಂದು ಕೆಲಸ ಹೋದ ಮೇಲೆ ಅವಳು ಓಣಿಯಲ್ಲಿ ಗುಂಡಿ-ನೂಲಿನ ಅಂಗಡಿ ಇಟ್ಟಳು. ಕೋಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎರಡು ಸಲ ಅಸ್ತರು ಬದಲಾಯಿತು. ಜೇಬುಗಳು ಅವಳ ಕೈಗೆ ಒಗ್ಗಿ ಚೀಲಗಳಾಗಿದ್ದವು.

"ಬೆನ್ನು ನೋಡು, ಎಷ್ಟು ಅಸಹ್ಯ," ಎಂದು ಅವನು ಆಗಾಗ ಗೊಣಗುತ್ತಿದ್ದ.

"ನನ್ನ ಬೆನ್ನು ನನಗೆ ಕಾಣುತ್ತೇನ್ರೀ?" ಎಂದು ಅವಳು ಗುಂಡಿ ಹಾಕಿಕೊಂಡು ಹೊರಡುತ್ತಿದ್ದಳು.

ಈಗ ದೊಡ್ಡ ಮಾಸ್ತರ ಕಣ್ಣಿಗೆ ಅದು ಬಿದ್ದರೆ? ಇಪ್ಪತ್ತಾರು ವರ್ಷ ಉಳಿಸಿಕೊಂಡ ಹೆಸರು ಒಂದು ನಿಮಿಷದಲ್ಲಿ ಮಣ್ಣುಪಾಲು. ಹಾಗಾಗಿ ಮಾಸ್ತರ ತಿಂಗಳಿಡೀ ಕಾರ್ಖಾನೆಯ ಊಟದ ಬಿಡುವಿನಲ್ಲಿ ಊಟ ಬಿಟ್ಟು ಈ ಹೊಸ ಕೋಟು ಕತ್ತರಿಸಿ ಹೊಲಿದಿದ್ದ. ಕೆನೆ ಬಣ್ಣ, ಕಡ್ಡಿಯಂಥ ಸೊಂಟ. ನೋಡಿದರೆ ಗುರುವಿನ ಎದೆ ಉಬ್ಬಬೇಕು, ಹಾಗಿತ್ತು. ಹಾಕಿಕೊಂಡವಳ ಎದೆ ಉಬ್ಬಲು ಮಾತ್ರ ಜಾಗವಿರಲಿಲ್ಲ.

ಹೊರಡುವ ಹಿಂದಿನ ದಿನ ಕಾಜಾ ಅಂಗಡಿಯಿಂದ ಒಂದು ಪಟ್ಟಿ ತಂದಳು. ಟಪಾಲು ಹಂಚುವ ಹೆಂಗಸು ಸಮುದ್ರದ ಊರಲ್ಲೇ ಹುಟ್ಟಿ ಬೆಳೆದವಳು. ಅವಳು ಹೇಳಿದ್ದನ್ನೆಲ್ಲ ಗುಂಡಿ ಹೊಲಿದ ರಟ್ಟಿನ ಹಿಂದೆ ಬರೆದುಕೊಂಡಿದ್ದಳು.

"ಕೇಳಿ. ಛತ್ರಿ ತರಬೇಡಿ ಅಂದ್ಳು, ಅಲ್ಲಿನ ಗಾಳಿ ಅದನ್ನ ಹೂವು ಮಾಡಿ ಕೈಗೆ ಕೊಡುತ್ತಂತೆ. ಚರ್ಮದ ಬೂಟು ಬೇಡ, ಉಪ್ಪು ತಿಂದುಹಾಕುತ್ತೆ. ಕಿವಿಗೆ ಉಣ್ಣೆ. ಒಳಗೆ ಒಂದು ದಪ್ಪಂದು ಹಾಕೋದರ ಬದಲು ಎರಡು ತೆಳ್ಳಂದು. ಮೇಲೆ ಸಡಿಲವಾದ ಕೋಟು, ಮಂಡಿ ಮುಚ್ಚೋ ಅಂಥದ್ದು. ಸಮುದ್ರದ ಗಾಳಿ ಎದುರಿಗೆ ಬರಲ್ಲವಂತೆ, ಬೇಡದ ನೆಂಟರ ಹಾಗೆ ಪಕ್ಕದ ಬಾಗಿಲಿಂದ ನುಗ್ಗುತ್ತಂತೆ. ಸಡಿಲವಾದ ಕೋಟು ಅಂದ್ಳು, ಕೇಳಿಸ್ತಾ ಮಾಸ್ತರೇ?"

ಅವಳು ಅವನನ್ನು ಮಾಸ್ತರೇ ಎನ್ನುವುದು ಛೇಡಿಸುವಾಗ ಮಾತ್ರ.

"ಟಪಾಲಿನವಳಿಗೆ ಕಟಿಂಗ್ ಏನು ಗೊತ್ತು?"

"ಗಾಳಿ ಗೊತ್ತು."

ಮಾಸ್ತರ ಸ್ವಲ್ಪ ಹೊತ್ತು ಕತ್ತರಿಯನ್ನು ತೆರೆದು ಮುಚ್ಚಿ ಮಾಡಿದ. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಅಪರೂಪಕ್ಕೆ ತೆಗೆಯುವ ದನಿಯಲ್ಲಿ, "ನನಗೋಸ್ಕರ ಹಾಕ್ಕೋ ಕಾಜಾ. ಅವರ ಮುಂದೆ ಒಂದು ಸಲ," ಅಂದ.

ಅವಳು ಅವನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ತಮಾಷೆ ಅಲ್ಲಿಗೇ ನಿಂತಿತು. "ಆಯ್ತು. ರೈಲಲ್ಲಿ ಹಳೇದು, ಸ್ಟೇಷನ್ನಲ್ಲಿ ಇಳಿದ ಮೇಲೆ ಹೊಸದು. ಸರೀನಾ?" ಎಂದಳು. ದನಿಯಲ್ಲಿ ಏನೋ ತಣ್ಣಗಿತ್ತು. ಮಾಸ್ತರ ಗೆದ್ದ ಖುಷಿಯಲ್ಲಿ ಅದನ್ನು ಗಮನಿಸಲಿಲ್ಲ.

ರೈಲಿನಿಂದ ಇಳಿಯುವಾಗ ಮಧ್ಯಾಹ್ನ ಮೂರು ಗಂಟೆ. ಕಾಜಾ ಹೆಂಗಸರ ವಿಶ್ರಾಂತಿ ಕೋಣೆಗೆ ಹೋಗಿ ಬಂದಳು. ಕೆನೆ ಬಣ್ಣದ ಕೋಟಿನಲ್ಲಿ ನಿಜಕ್ಕೂ ಚೆಂದ ಕಾಣುತ್ತಿದ್ದಳು. ಕುತ್ತಿಗೆಯ ಹತ್ತಿರ ಸುಕ್ಕಿಲ್ಲ, ಬೆನ್ನಿನಲ್ಲಿ ಗೆರೆಯಿಲ್ಲ. ಮಾಸ್ತರ ಎರಡು ಸುತ್ತು ಬಂದು ನೋಡಿದ. ಸ್ವೆಟರುಗಳು ಎರಡೂ ಈಗ ಚೀಲದಲ್ಲಿದ್ದವು, ಹಳೇ ಕೋಟಿನ ಜೊತೆ.

ದಂಡೆಯ ರಸ್ತೆಗೆ ತಿರುಗಿದ್ದೇ ತಡ, ಗಾಳಿ ಟಪಾಲಿನವಳ ಮಾತು ನಡೆಸಿಕೊಟ್ಟಿತು. ಎದುರಿಗೆ ಬರಲಿಲ್ಲ. ಪಕ್ಕದಿಂದ ಬಂತು, ತೋಳಿನ ತುದಿಯಿಂದ ಒಳಹೊಕ್ಕು ಕತ್ತಿನಿಂದ ಹೊರಬಿತ್ತು. ಬೇಸಿಗೆಯ ಐಸ್‌ಕ್ರೀಮಿನ ಅಂಗಡಿಗಳು ಹಲಗೆ ಹೊದ್ದು ಮಲಗಿದ್ದವು. ಹೋಟೆಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಸರಪಳಿಯಿಂದ ಬಿಗಿದಿದ್ದರು. ಸಮುದ್ರ ಪಾತ್ರೆ ತೊಳೆದ ನೀರಿನ ಬಣ್ಣದ್ದಾಗಿತ್ತು.

"ಹೇಗಿದೆ?" ಎಂದ ಮಾಸ್ತರ.

"ತುಂಬಾ ಚ-ಚೆನ್ನಾಗಿದೆ."

"ಚಳಿ?"

"ಏನಿಲ್ಲಪ್ಪ."

ಕೋಟು ಬಿಗಿಯಾಗಿದ್ದರಿಂದ ಅವಳು ಕೈಕಟ್ಟಿಕೊಳ್ಳುವಂತಿರಲಿಲ್ಲ. ಜೇಬುಗಳು ತೋರಿಕೆಯವು, ಬೆರಳಿನ ಎರಡು ಗೆಣ್ಣು ಮಾತ್ರ ಹಿಡಿಯುತ್ತಿದ್ದವು. ಆ ಎರಡು ಗೆಣ್ಣುಗಳನ್ನೇ ಅವಳು ಒಳಗಿಟ್ಟುಕೊಂಡು, ಶಾಲೆಯಲ್ಲಿ ತಪ್ಪು ಮಾಡಿ ನಿಂತ ಮಗುವಿನ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಜಗಳ ಕಾಯುತ್ತಾಳೆ ಎಂದು ಮಾಸ್ತರ ಕಾದ. ಕಾಯಲಿಲ್ಲ. ಗೊಣಗುತ್ತಾಳೆ ಎಂದು ಕಾದ. ಗೊಣಗಲಿಲ್ಲ. ಮೂರು ಸಲ ಸೀನಿದಳು, ಮೂರು ಸಲವೂ ತಪ್ಪಾಯಿತೆಂಬಂತೆ ಅವನ ಕಡೆ ನೋಡಿದಳು. ಮೂರನೆಯ ಸೀನಿಗೆ ಮಾಸ್ತರನಿಗೆ ತಡೆಯಲಾಗಲಿಲ್ಲ. ಅವಳ ಮೊಣಕೈ ಹಿಡಿದು ಬಸ್ಸಿನ ತಂಗುದಾಣದೊಳಕ್ಕೆ ಎಳೆದೊಯ್ದ. ಬೆಂಚಿನ ಮೇಲೆ ಚೀಲ ಬಿಚ್ಚಿದ. ಒಂದು ಸ್ವೆಟರು, ಎರಡನೆಯ ಸ್ವೆಟರು, ಅದರ ಮೇಲೆ ಹಳೇ ಕೋಟು. ಅವನೇ ತೊಡಿಸಿ ಅವನೇ ಗುಂಡಿ ಹಾಕಿದ. ಅವಳ ಬೆರಳುಗಳಿಗೆ ಗುಂಡಿ ಸಿಕ್ಕುತ್ತಿರಲಿಲ್ಲ.

"ನಿಮ್ಮ ದೊಡ್ಡ ಮಾಸ್ತರು ನೋಡ್ತಾರೆ," ಎಂದಳು.

"ನೋಡಲಿ."

"ನೀವೇ ಅಲ್ವಾ ಹಠ ಹಿಡಿದಿದ್ದು?"

ಆಗ ಹೇಳಬೇಕಾಯಿತು. ಎಂಟು ಟೋಪಿಯ ಕತೆಯನ್ನು ಮಾಸ್ತರ ಕೊನೆಯ ಗುಂಡಿಯನ್ನು ನೋಡುತ್ತ ಹೇಳಿದ. ಮೇಜಿನ ಆ ಕಡೆ ಯಾಕೆ ಹೋಗಿದ್ದ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿದ. ಹೇಳಿ ಮುಗಿಸಿ ತಲೆ ಎತ್ತಿದರೆ ಕಾಜಾ ನಗುತ್ತಿದ್ದಳು. ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಅದು ಗಾಳಿಯದೋ ನಗುವಿನದೋ ಗೊತ್ತಾಗುತ್ತಿರಲಿಲ್ಲ.

"ಇಷ್ಟೇನಾ? ಅಯ್ಯೋ ನಿಮ್ಮ! ನನ್ನ ಜೊತೆ ನಡ್ಕೊಂಡು ಹೋಗೋಕೆ ನಿಮಗೆ ನಾಚಿಕೆ ಆಗುತ್ತೇನೋ ಅಂದ್ಕೊಂಡಿದ್ದೆ."

"ಏನು?"

"ವಯಸ್ಸಾಯ್ತು, ದಪ್ಪ ಆದೆ, ಹಳೇ ಕೋಟು ಬೇರೆ. ಗುರುಗಳ ಮುಂದೆ ಇವಳನ್ನ ಹೇಗೆ ನಿಲ್ಲಿಸೋದು ಅಂತ ಯೋಚನೆ ಮಾಡ್ತಿದ್ದೀರಿ ಅಂದ್ಕೊಂಡೆ."

ಮಾಸ್ತರ ಬಾಯಿ ತೆರೆದ. ಈಗ ಅಲ್ಲಿ ಸೂಜಿಗಳಿರಲಿಲ್ಲ. ಆದರೂ "ಹ್ಞೂಂಹ್ಞೂಂ," ಎಂದಷ್ಟೇ ಅಂದ.

"ಗೊತ್ತಾಯ್ತು ಬಿಡಿ," ಎಂದು ಅವಳು ತಂಗುದಾಣದಿಂದ ಹೊರಗೆ ಹೆಜ್ಜೆ ಹಾಕಿದಳು. ಕೈಗಳೆರಡೂ ಮೊಣಕೈವರೆಗೆ ಜೇಬಿನಲ್ಲಿದ್ದವು. ಈಗ ಅವಳ ನಡಿಗೆಗೆ ಜೀವ ಬಂದಿತ್ತು. ಮಾಸ್ತರ ಹೊಸ ಕೋಟನ್ನು ಮಡಿಸಿ ಚೀಲಕ್ಕೆ ತುರುಕಿ ಹೊರಬರುವಷ್ಟರಲ್ಲಿ ಮೂವತ್ತು ಹೆಜ್ಜೆ ಮುಂದೆ ಹೋಗಿದ್ದಳು.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಎದ್ದು ರಸ್ತೆಯ ಮೇಲೆ ಕವಿಯಿತು. ಎದುರು ದಿಕ್ಕಿನಿಂದ ಒಂದು ಬಸ್ಸು ಬಂದು ಜನರನ್ನು ಇಳಿಸಿತು. ಎಲ್ಲರೂ ತಲೆ ತಗ್ಗಿಸಿದವರೇ, ಎಲ್ಲರ ಕೋಟೂ ಮಂಜಿನ ಬಣ್ಣದ್ದೇ. ಎರಡು ಚೀಲ ಹೊತ್ತ ಮಾಸ್ತರ ಆ ಗುಂಪಿನೊಳಗೆ ಸಿಕ್ಕಿಹಾಕಿಕೊಂಡ. "ಕಾಜಾ!" ಎಂದು ಕೂಗಿದ. ಗಾಳಿ ಕೂಗನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಗೊತ್ತಿಲ್ಲದ ಊರು, ಅವಳ ಹತ್ತಿರ ವಿಳಾಸವೂ ಇಲ್ಲ. ಅವನು ತುದಿಗಾಲಲ್ಲಿ ನಿಂತು ಕತ್ತು ಚಾಚಿದ. ಆಮೇಲೆ ತಲೆಗಳ ನಡುವೆ, ಎಲ್ಲ ಮಸುಕುಗಳ ನಡುವೆ, ಗಾಢವಾದ ಒಂದು ಚೌಕ ಕಂಡಿತು. ಎದ್ದು ನಿಂತ ರೋಮದ, ಮುನಿಸಿಕೊಂಡ ಬೆಕ್ಕಿನ ಬಣ್ಣದ ಬೆನ್ನು.

ಮಾಸ್ತರ ಅದನ್ನೇ ಹಿಡಿದು ನಡೆದ. ನಡೆಯುತ್ತ ನಡೆಯುತ್ತ ಅವನಿಗೆ ಒಂದು ವಿಷಯ ಹೊಳೆದು ನಗು ಬಂತು. ಇಪ್ಪತ್ತಾರು ವರ್ಷದಿಂದ ಅವನು ಯಾವ ಗುಂಪಿನಲ್ಲೂ ಹೆಂಡತಿಯ ಮುಖ ಹುಡುಕಿದವನೇ ಅಲ್ಲ. ಸಂತೆಯಲ್ಲಿ, ಪ್ಲಾಟ್‌ಫಾರಮಿನಲ್ಲಿ, ಮಗಳು ಹುಟ್ಟಿದ ಆಸ್ಪತ್ರೆಯ ಬಾಗಿಲ ಮುಂದಿನ ಚಳಿಗಾಲದ ಸಾಲಿನಲ್ಲಿ, ಎಲ್ಲೆಲ್ಲೂ ಅವನ ಕಣ್ಣು ತಾನೇ ಹಾಳು ಮಾಡಿದ ಆ ಬೆನ್ನನ್ನು ಹುಡುಕಿತ್ತು. ಹುಡುಕಿದಾಗಲೆಲ್ಲ ಸಿಕ್ಕಿತ್ತು.

"ಎಲ್ಲಿ ಹೋಗಿದ್ರಿ?" ಎಂದಳು ಅವಳು ಮೂಲೆಯಲ್ಲಿ ನಿಂತು.

"ಹಿಂದೇನೇ ಇದ್ದೆ."

ದೊಡ್ಡ ಮಾಸ್ತರ ಮನೆಯ ಬಾಗಿಲು ತಟ್ಟುವ ಮೊದಲು ಇಬ್ಬರೂ ಸೇರಿ ಒಂದು ಉಪಾಯ ಮಾಡಿಕೊಂಡರು. ಅವಳು ಬೆನ್ನು ತೋರಿಸದೆ ಏಡಿಯ ಹಾಗೆ ಅಡ್ಡಡ್ಡ ಒಳಗೆ ಹೋಗುವುದು, ಕೋಟು ಬಿಚ್ಚಿ ತಾನೇ ಗೂಟಕ್ಕೆ ಹಾಕುವುದು, ಬೆನ್ನು ಗೋಡೆಯ ಕಡೆಗೆ. ಬಾಗಿಲು ತೆರೆದಾಗ ಉಪಾಯದ ಅಗತ್ಯವೇ ಇಲ್ಲ ಅನಿಸಿತು. ಮುದುಕರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಾಗದವನ್ನು ಯಾರಿಂದಲೋ ಬರೆಸಿದ್ದಿರಬೇಕು.

"ಯಾರು, ಕಾಜಾ ಹುಡುಗೀನಾ? ಬಾ ಮಗಳೇ, ಬಾ. ಲೋ, ನೀನೂ ಬಾ. ಕಣ್ಣು ಹೋಯ್ತು ಕಣೋ. ಚಳಿಗಾಲದಲ್ಲಿ ಕೋಟು ನೋಡ್ತೀನಿ ಅಂತ ಜಂಬಕ್ಕೆ ಬರೆಸಿದೆ, ಈಗ ಯಾರು ಏನು ಹಾಕಿದ್ದಾರೆ ಅಂತ ಅವರೇ ಹೇಳಬೇಕು." ಮಾಸ್ತರನ ಎದೆ ಹಗುರಾಯಿತು. ಕಾಜಾ ಕೋಟು ಬಿಚ್ಚಿದಳು. "ಕೊಡು ತಾಯಿ, ನನ್ನ ಮನೇಲಿ ಕೋಟು ನೇತುಹಾಕೋದು ನಾನೇ," ಎಂದು ಮುದುಕರು ಕೈ ಚಾಚಿ ತೆಗೆದುಕೊಂಡೇಬಿಟ್ಟರು.

ಅಂಗೈ ಕೊರಳುಪಟ್ಟಿಯ ಮೇಲೆ ಹೋಯಿತು, ಭುಜದ ಮೇಲೆ ಇಳಿಯಿತು. ಬೆನ್ನಿನ ಮೇಲೆ ಅರ್ಧ ಗೇಣು ಸರಿದು ನಿಂತಿತು. ಮತ್ತೆ ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು.

"ಎದುರು ರೋಮ," ಎಂದರು ದೊಡ್ಡ ಮಾಸ್ತರು. "ಎಂಟು ಟೋಪಿ ಆಯ್ತು ಅಂದಿದ್ದೆಯಲ್ಲೋ?"

ಮಾಸ್ತರ ಐವತ್ತು ವರ್ಷದ ಗಂಡಸು, ಕೈಕಟ್ಟಿ ನಿಂತ. "ಒಂದೂ ಆಗಿರಲಿಲ್ಲ."

"ಒಂದು ಆಗಿತ್ತು. ನನಗೆ ಹಾಕಿದ್ದು." ಮುದುಕರ ಹೊಟ್ಟೆ ನಗುವಿಗೆ ಅಲುಗಿತು. "ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆಯಾ? ಕಸದ ಬುಟ್ಟಿಯಲ್ಲಿ ಆ ಬಟ್ಟೆಯ ಒಂದು ಚೂರೂ ಇರಲಿಲ್ಲ. ಎಂಟು ಟೋಪಿ ಹೊಲಿದವನು ಚೂರು ಬೀಳಿಸದೇ ಹೊಲಿತಾನಾ? ಮೇಜಿನ ಈ ಕಡೆ ನಿಂತ್ಕೊಳೋ ಅಂದ್ರೆ ಆ ಕಡೆ ಹೋಗಿ ನಿಂತೆ. ಆ ಕಡೆಯಿಂದ ಏನು ಕಾಣ್ತಿತ್ತು ಅಂತಾನೂ ಗೊತ್ತು."

"ಏನು ಕಾಣ್ತಿತ್ತು?" ಎಂದಳು ಕಾಜಾ ಥಟ್ಟನೆ.

ಮಾಸ್ತರ ಚೀಲದ ಪಟ್ಟಿಯನ್ನು ಸರಿಪಡಿಸತೊಡಗಿದ. ಪಟ್ಟಿ ಸರಿಯಾಗಿಯೇ ಇತ್ತು. ಅವಳು ಅವನನ್ನು ನೋಡಿದಳು, ಮುದುಕರನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. "ಓಹೋ," ಎಂದಳು. ಕಿವಿಗಳು ಕೆಂಪಾದವು. ಒಳಗೆ ಬೆಚ್ಚಗಿತ್ತು, ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ.

ದೊಡ್ಡ ಮಾಸ್ತರು ಗೋಡೆ ಹಿಡಿದು ನಡೆದು ಒಂದು ಪೆಟ್ಟಿಗೆ ತೆರೆದರು. ತಡಕಾಡಿ ಮೇಲೆತ್ತಿದ್ದು ಕಾಗದದಲ್ಲಿ ಸುತ್ತಿದ ಬಟ್ಟೆ. ಬಿಚ್ಚಿದರೆ ಅದೇ ಬೂದುನೀಲಿ, ನಿನ್ನೆ ತಾನೆ ನೇಯ್ದಂತೆ. "ಒಂದು ಬೆನ್ನಿಗೆ ಸಾಕಾಗುವಷ್ಟು ಎತ್ತಿಟ್ಟಿದ್ದೆ. ಬಂದು ಒಪ್ಕೋತಾನೆ, ಮಾಸ್ತರೇ ಸರಿ ಮಾಡಿಕೊಡಿ ಅಂತಾನೆ ಅಂತ ಕಾದೆ. ಬರಲೇ ಇಲ್ಲ ನೀನು. ಬಾ ಈಗ. ಬಟ್ಟೆ ನಾನು ಹಿಡ್ಕೋತೀನಿ, ನೀನು ಕತ್ತರಿಸು. ಈ ಕಡೆ ನಿಂತು. ನಾಳೆ ಸಂಜೆಯೊಳಗೆ ಹೊಸ ಬೆನ್ನು ಕೂರಿಸಿಬಿಡೋಣ."

"ಬಣ್ಣ ಹೊಂದಲ್ಲ ಮಾಸ್ತರೇ. ಕೋಟು ಬಿಸಿಲು ತಿಂದಿದೆ."

"ಕೂರಿಸಿದ ಮೇಲೆ ಬೆನ್ನನ್ನ ಎರಡು ಬೇಸಿಗೆ ಬಿಸಿಲಿಗೆ ಹಾಕಿದ್ರೆ ಅದೂ ತಿನ್ನುತ್ತೆ. ನೆಪ ಹೇಳಬೇಡ."

"ಹೌದು ರೀ," ಎಂದಳು ಕಾಜಾ ಉತ್ಸಾಹದಿಂದ. ಬಟ್ಟೆಯ ಮೇಲೆ ಕೈಯಾಡಿಸಿ, ಹೊಲಿಗೆ ಬಿಚ್ಚಲು ಆಗಲೇ ಕೋಟನ್ನು ಮೇಜಿನ ಮೇಲೆ ಮಗುಚಿ ಹಾಸಿದ್ದಳು. "ಎಷ್ಟು ವರ್ಷದಿಂದ ಅಸಹ್ಯ ಅಸಹ್ಯ ಅಂತ ನನ್ನ ತಲೆ ತಿಂತಿದ್ದೀರಿ. ಈಗ ಸರಿ ಹೋಗುತ್ತಲ್ಲ. ನನಗೇನು, ಹೊಸ ಬೆನ್ನು ಬಂದ್ರೆ ಇನ್ನೂ ಹತ್ತು ವರ್ಷ ಬಾಳುತ್ತೆ. ಕತ್ತರಿ ತಗೊಳ್ಳಿ."

ದೊಡ್ಡ ಮಾಸ್ತರು ಪೆಟ್ಟಿಗೆಯಿಂದ ಇನ್ನೊಂದು ಕತ್ತರಿ ತೆಗೆದು, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಚಾಚಿದರು.

ಮಾಸ್ತರ ಅದನ್ನು ಮುಟ್ಟಲಿಲ್ಲ. ಮೇಜಿನ ಮೇಲಿಂದ ಕೋಟನ್ನು ಎತ್ತಿ, ಬೆನ್ನು ಹೊರಗೆ ಬರುವಂತೆ ಮಡಿಸಿ, ಎರಡೂ ತೋಳಲ್ಲಿ ಅವುಚಿಕೊಂಡ.

"ಇಲ್ಲ. ಇದನ್ನ ಕೊಡಲ್ಲ," ಎಂದ.